ರೋಗಿಯ ಮಾತು, ಗಣಕದ ಸಂಕೇತ: ಆರೋಗ್ಯ ದತ್ತಾಂಶದಲ್ಲಿ ಕನ್ನಡದ ಸ್ಥಾನ

1. ಪೀಠಿಕೆ

ಪುಣೆ ನಗರದ ಪಶ್ಚಿಮಕ್ಕೆ, ಮುಂಬಯಿ–ಬೆಂಗಳೂರು ಹೆದ್ದಾರಿಯ ಸಮೀಪದಲ್ಲಿ, ಮುಳಶಿ ತಾಲ್ಲೂಕಿನ ಹಿಂಜವಾಡಿ ಎಂಬ ಊರಿದೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಇಲ್ಲಿ ನಿರ್ಮಿಸಿದ ರಾಜೀವ್ ಗಾಂಧಿ ಇನ್ಫೊಟೆಕ್ ಪಾರ್ಕಿನಿಂದಾಗಿ ಈ ಊರು ದೇಶದ ಪ್ರಮುಖ ತಂತ್ರಾಂಶ ಕೇಂದ್ರಗಳಲ್ಲಿ ಒಂದಾಗಿದೆ. ಇನ್ಫೋಸಿಸ್, ವಿಪ್ರೊ, ಟಿ.ಸಿ.ಎಸ್., ಕಾಗ್ನಿಜೆಂಟ್ ಮೊದಲಾದ ಸಂಸ್ಥೆಗಳ ಆವರಣಗಳು ಇಲ್ಲಿವೆ. ಇವುಗಳಲ್ಲಿ ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಹುಟ್ಟಿ, 1983ರಲ್ಲಿ ಬೆಂಗಳೂರಿಗೆ ನೆಲೆ ಬದಲಿಸಿದ ಸಂಸ್ಥೆ. ಆಸ್ಪತ್ರೆ ಮತ್ತು ವಿಮಾಸಂಸ್ಥೆಗಳಿಗೆ ಬೇಕಾದ ತಂತ್ರಾಂಶವನ್ನು ರಚಿಸಿಕೊಡುವುದು ಭಾರತದ ಮಾಹಿತಿ ತಂತ್ರಜ್ಞಾನ ಉದ್ಯಮದ ದೊಡ್ಡ ಕಸುಬುಗಳಲ್ಲಿ ಒಂದು. ಅಮೆರಿಕವು 1996ರಲ್ಲಿ ಆರೋಗ್ಯ ಮಾಹಿತಿಯ ವಿನಿಮಯ ಹಾಗೂ ಗೋಪ್ಯತೆಗೆ ಸಂಬಂಧಿಸಿದ ಕಾನೂನನ್ನು ತಂದಿತು. 2009ರ ಇನ್ನೊಂದು ಕಾನೂನು ಗಣಕೀಕೃತ ರೋಗಿ ದಾಖಲೆಗಳನ್ನು ಅಳವಡಿಸಿಕೊಳ್ಳುವ ಆಸ್ಪತ್ರೆಗಳಿಗೆ ಪ್ರೋತ್ಸಾಹಧನವನ್ನು ಒದಗಿಸಿತು. ಈ ಎರಡು ಕಾನೂನುಗಳೂ ಆ ಕಸುಬಿಗೆ ಬಲ ಕೊಟ್ಟವು.

ಅದೇ ಹೆದ್ದಾರಿ ದಕ್ಷಿಣಕ್ಕೆ ಸಾಗಿ ಕೊಲ್ಹಾಪುರವನ್ನು ದಾಟಿ ಬೆಳಗಾವಿ, ಧಾರವಾಡಗಳನ್ನು ಮುಟ್ಟುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗಗಳ ಕನ್ನಡಿಗರು ಚಿಕಿತ್ಸೆಗಾಗಿ ಸೊಲ್ಲಾಪುರ, ಮಿರಜ, ಪುಣೆಗಳ ಆಸ್ಪತ್ರೆಗಳಿಗೆ ಹೋಗುವುದು ಬಹುಕಾಲದ ರೂಢಿ. 1894ರಲ್ಲಿ ಸ್ಥಾಪನೆಯಾದ ಮಿರಜದ ವಾನ್ಲೆಸ್ ಆಸ್ಪತ್ರೆ ಇದಕ್ಕೆ ಹಳೆಯ ನಿದರ್ಶನ. ಅಲ್ಲಿ ರೋಗಿಯ ಮಾತು ಕನ್ನಡ, ಉಪಚರಿಸುವವರ ಮಾತು ಬಹುಮಟ್ಟಿಗೆ ಮರಾಠಿ, ದಾಖಲೆಯ ಭಾಷೆ ಇಂಗ್ಲಿಷ್, ಗಣಕಯಂತ್ರದ ಭಾಷೆ ಸಂಖ್ಯೆ. ಈ ನಾಲ್ಕು ಮೆಟ್ಟಿಲುಗಳನ್ನು ಇಳಿಯುವಾಗ ರೋಗಿಯ ಮಾತಿಗೆ ಏನಾಗುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆರೋಗ್ಯ ದತ್ತಾಂಶವನ್ನು ಕೇವಲ ತಂತ್ರಜ್ಞರ ವಿಷಯವೆಂದು ಬಗೆಯುವುದು ಸರಿಯಲ್ಲ, ಅದರ ಮೊದಲ ಹೆಜ್ಜೆ ಭಾಷೆಯದು ಎಂಬುದು ನಮ್ಮ ಅಭಿಮತ.

2. ಗಣಕಯಂತ್ರಕ್ಕೆ ಮೊದಲಿನ ದತ್ತಾಂಶ

ದತ್ತಾಂಶವೆಂದರೆ ಗಣಕಯಂತ್ರದಲ್ಲಿ ಇರುವುದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಆದರೆ ಈ ಕ್ಷೇತ್ರದ ಅತ್ಯುತ್ತಮ ಉದಾಹರಣೆಗಳಲ್ಲಿ ಒಂದು ಮೈಸೂರಿನ ಕಾಗದದ ದಫ್ತರು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯ ದಾಖಲೆಗಳನ್ನು ಕ್ರಮವಾಗಿ ಇಡಲಾಗಿತ್ತು. ಪ್ರತಿಯೊಂದು ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಅದರಲ್ಲಿ ಬರೆಯಲಾಗುತ್ತಿತ್ತು. ಹಲವು ದಶಕಗಳ ಅನಂತರ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಮೈಸೂರಿನ ವೈದ್ಯರೂ ಕೂಡಿ, 1934ರಿಂದ 1954ರ ಅವಧಿಯಲ್ಲಿ ಅಲ್ಲಿ ಜನಿಸಿ ಆಸ್ಪತ್ರೆಯ ಆಸುಪಾಸಿನಲ್ಲಿಯೇ ವಾಸವಾಗಿದ್ದ 517 ಮಂದಿಯನ್ನು ಪರೀಕ್ಷಿಸಿದರು. ಹುಟ್ಟಿದಾಗ ತೂಕ ಕಡಿಮೆಯಿದ್ದವರಲ್ಲಿ ನಡುವಯಸ್ಸಿನ ಹೃದ್ರೋಗ ಹೆಚ್ಚಾಗಿ ಕಂಡುಬಂದಿತೆಂಬ ಅವರ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಅದೇ ಸಂಶೋಧನ ಪರಂಪರೆಗೆ ಸೇರಿದ, ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಅಧ್ಯಯನವು 1993ರಲ್ಲಿ ಪುಣೆಯ ಸಮೀಪದ 6 ಗ್ರಾಮಗಳಲ್ಲಿ ಪ್ರಾರಂಭವಾಯಿತು. ಇಲ್ಲಿನ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಹಗುರವಾಗಿದ್ದರೂ ಅವುಗಳ ದೇಹದಲ್ಲಿ ಕೊಬ್ಬಿನ ಅಂಶ ಅದೇ ಪ್ರಮಾಣದಲ್ಲಿ ಕುಗ್ಗಿರಲಿಲ್ಲವೆಂಬುದನ್ನು ಅದು ತೋರಿಸಿತು.

ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಒಂದು, ಎಲ್ಲರನ್ನೂ ಒಂದೇ ಬಗೆಯಲ್ಲಿ ಅಳೆಯಲಾಗಿತ್ತು. ಎರಡು, ಪ್ರತಿಯೊಂದು ಅಳತೆಯನ್ನೂ ಮುಂದೆ ಆಯಾ ವ್ಯಕ್ತಿಗೆ ಜೋಡಿಸಲು ಸಾಧ್ಯವಿತ್ತು. ಮೂರು, ದಫ್ತರು ಹಾಳಾಗದೆ ಉಳಿದಿತ್ತು. ಏಕರೂಪತೆ, ಜೋಡಣೆ, ಸಂರಕ್ಷಣೆ ಎಂಬ ಈ ಮೂರು ಗುಣಗಳನ್ನು ಕೋಟ್ಯಂತರ ಜನರಿಗೆ ವಿಸ್ತರಿಸುವುದೇ ಆರೋಗ್ಯಕ್ಷೇತ್ರದಲ್ಲಿ ಮಾಹಿತಿ ತಂತ್ರಜ್ಞಾನದ ಮುಖ್ಯ ಕಾರ್ಯ.

3. ಸಂಕೇತಗಳ ವ್ಯವಸ್ಥೆ

ಏಕರೂಪತೆಗಾಗಿ ಇಂದು ಬಳಕೆಯಲ್ಲಿರುವ ಸಾಧನಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು. ರೋಗ ಮತ್ತು ಮರಣಕಾರಣಗಳ ವರ್ಗೀಕರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಐ.ಸಿ.ಡಿ. ಎಂಬ ಪಟ್ಟಿಯಿದೆ. ಅದರ 10ನೆಯ ಪರಿಷ್ಕರಣದಲ್ಲಿ ಹೃದಯಾಘಾತಕ್ಕೆ 'ಐ 21' ಎಂಬ ಸಂಕೇತವಿದ್ದರೆ, ವಿಷಸರ್ಪದ ಸಂಪರ್ಕಕ್ಕೆ 'ಎಕ್ಸ್ 20' ಎಂಬುದಿದೆ. ರೋಗಲಕ್ಷಣ, ಶಸ್ತ್ರಕ್ರಿಯೆ, ಅಂಗಾಂಗ ಮೊದಲಾದವನ್ನು ಸೂಕ್ಷ್ಮವಾಗಿ ಹೆಸರಿಸಲು ಸ್ನೊಮೆಡ್ ಸಿ.ಟಿ. ಎಂಬ ಪರಿಭಾಷಾಕೋಶವಿದೆ. ಮೂರೂವರೆ ಲಕ್ಷಕ್ಕೂ ಹೆಚ್ಚು ಪರಿಕಲ್ಪನೆಗಳಿರುವ ಈ ಕೋಶದಲ್ಲಿ ಜ್ವರಕ್ಕೆ 386661006 ಎಂಬ ಸಂಖ್ಯೆಯಿದೆ. ಪ್ರಯೋಗಾಲಯದ ಪರೀಕ್ಷೆಗಳಿಗೆ ಲಾಯಿಂಕ್, ಎಕ್ಸ್-ರೇ ಮತ್ತು ಸ್ಕ್ಯಾನ್ ಚಿತ್ರಗಳಿಗೆ ಡೈಕಾಮ್, ಒಂದು ಆಸ್ಪತ್ರೆಯ ಗಣಕದಿಂದ ಇನ್ನೊಂದಕ್ಕೆ ದಾಖಲೆಯನ್ನು ಸಾಗಿಸಲು ಫೈರ್ ಎಂಬ ಮಾನಕಗಳಿವೆ.

ಭಾರತ ಸರ್ಕಾರವು ರೋಗಿ ದಾಖಲೆಗಳ ಮಾನಕಗಳನ್ನು 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು. 2014ರಲ್ಲಿ ದೇಶವು ಸ್ನೊಮೆಡ್ ಸಂಸ್ಥೆಯ ಸದಸ್ಯತ್ವವನ್ನು ಪಡೆಯಿತು. ಈ ಮಾನಕಗಳ ರಾಷ್ಟ್ರೀಯ ಸಂಪನ್ಮೂಲ ಕೇಂದ್ರವಿರುವುದು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ. ಜೋಡಣೆಯ ಕಾರ್ಯಕ್ಕಾಗಿ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ರಾಷ್ಟ್ರವ್ಯಾಪಿಯಾಗಿ ಪ್ರಾರಂಭವಾಯಿತು. ಇದರಡಿ ನೋಂದಾಯಿಸಿಕೊಂಡವರಿಗೆ ಆಭಾ ಎಂಬ 14 ಅಂಕಿಗಳ ಸಂಖ್ಯೆಯನ್ನು ಕೊಡಲಾಗುತ್ತದೆ.

ಈ ವ್ಯವಸ್ಥೆಯ ಪ್ರಯೋಜನ ಪ್ರತ್ಯಕ್ಷವಾದುದು. ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರಗಳಿಗೆ ಗಣಕಜಾಲದ ಮೂಲಕ ಕಳುಹಿಸಲಾಗುತ್ತದೆ. ತಜ್ಞರು ಅದನ್ನು ನೋಡಿ ತಿಳಿಸಿದೊಡನೆ, ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕಿನಲ್ಲಿಯೇ ಕೊಡಬಹುದಾಗಿದೆ. ಆದರೆ ಇ.ಸಿ.ಜಿ. ತೆಗೆಯಬೇಕೆಂಬ ನಿರ್ಧಾರವು ರೋಗಿಯ ಮಾತಿನಿಂದ ಹುಟ್ಟಬೇಕು. ಎದೆಯ ಬೇಗುದಿಯನ್ನು ರೋಗಿಯು 'ಗ್ಯಾಸ್' ಎಂದು ಹೇಳಿ, ಕೇಳಿದವರು ಅದನ್ನು ಹಾಗೆಯೇ ಬರೆದುಕೊಂಡರೆ ಯಂತ್ರದವರೆಗೆ ವಿಷಯವೇ ತಲುಪುವುದಿಲ್ಲ.

4. ಮಾತಿನಿಂದ ಸಂಕೇತಕ್ಕೆ

ಕನ್ನಡದಲ್ಲಿ ಅನಾರೋಗ್ಯವನ್ನು ಹೇಳುವ ಮಾತುಗಳು ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿವೆ. ಉಸಿರಾಟದ ತೊಂದರೆ ಮೈಸೂರು ಭಾಗದಲ್ಲಿ 'ಉಬ್ಬಸ'ವಾದರೆ ಉತ್ತರ ಕರ್ನಾಟಕದಲ್ಲಿ 'ದಮ್ಮು'. ಒಂದು ಕಡೆಯ 'ತಲೆಸುತ್ತು' ಇನ್ನೊಂದು ಕಡೆ 'ಚಕ್ಕರ್'. 'ಬ್ಯಾನಿ' ಎಂದರೆ ನೋವು, ಕಾಯಿಲೆ, ಹೆರಿಗೆಯ ನೋವು, ಈ ಮೂರೂ ಆಗಬಹುದು. 'ಸೆಳೆತ'ವು ಕಾಲಿನ ನೋವೋ ಅಪಸ್ಮಾರದ ಲಕ್ಷಣವೋ ಎಂಬುದನ್ನು ಸಂದರ್ಭವೇ ಹೇಳಬೇಕು. 'ಸರ್ಪಸುತ್ತು' ಎಂಬ ಚರ್ಮವ್ಯಾಧಿಗೂ ಸರ್ಪಕ್ಕೂ ಸಂಬಂಧವಿಲ್ಲ. ಸ್ತ್ರೀಯರು ಹೇಳುವ 'ಬಿಳಿಸೆರಗಿ'ಗೂ ಸೀರೆಯ ಸೆರಗಿಗೂ ಸಂಬಂಧವಿಲ್ಲ. ಪದಶಃ ಅನುವಾದಿಸಿದರೆ ಇಂತಹ ಮಾತುಗಳು ದಾರಿ ತಪ್ಪಿಸುತ್ತವೆ.

ಇದು ಎಷ್ಟು ಗಂಭೀರವಾದ ವಿಷಯವೆಂಬುದಕ್ಕೆ ಹಾವಿನ ಕಡಿತದ ನಿದರ್ಶನವನ್ನು ನೋಡಬಹುದು. ಕನ್ನಡನಾಡಿನ ಹಳ್ಳಿಗಳಲ್ಲಿ ರಾತ್ರಿಯ ಹೊತ್ತು ಹಾವಿನ ಹೆಸರೆತ್ತಬಾರದೆಂಬ ನಂಬಿಕೆಯಿಂದ ಅದನ್ನು 'ಹುಳ' ಎನ್ನುವುದುಂಟು, ಕಡಿಯಿತು ಎನ್ನದೆ 'ಮುಟ್ಟಿತು' ಎನ್ನುವುದೂ ಉಂಟು. 'ಹುಳ ಮುಟ್ಟಿತು' ಎಂಬ ಮಾತನ್ನು ಭಾಷೆಯರಿಯದವರು ಕೀಟದ ಸ್ಪರ್ಶವೆಂದು ಬರೆದುಕೊಂಡರೆ ಸಂಕೇತವೇ ಬೇರೆಯಾಗುತ್ತದೆ, ಚಿಕಿತ್ಸೆಯೂ ತಡವಾಗುತ್ತದೆ.

ಇದಕ್ಕೆ ಪ್ರತಿಯಾಗಿ, ಜನರ ಮಾತನ್ನು ಅವರ ಭಾಷೆಯಲ್ಲಿಯೇ ದಾಖಲಿಸಿದ್ದರಿಂದ ಆದ ಲಾಭಕ್ಕೂ ಹಾವಿನ ಕಡಿತವೇ ಸಾಕ್ಷಿ. ಭಾರತದ ರಿಜಿಸ್ಟ್ರಾರ್ ಜನರಲ್ ಅವರ ಮಾದರಿ ನೋಂದಣಿ ವ್ಯವಸ್ಥೆಯ ಮೂಲಕ ನಡೆದ 'ಮಿಲಿಯನ್ ಡೆತ್ ಸ್ಟಡಿ' ಎಂಬ ಬೃಹತ್ ಅಧ್ಯಯನದಲ್ಲಿ, ಮೃತರ ಮನೆಗಳಿಗೆ ಹೋಗಿ ಸಾವಿನ ಸಂದರ್ಭವನ್ನು ಕುಟುಂಬದವರಿಂದ ಕೇಳಿ, ಅವರ ಹೇಳಿಕೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆದುಕೊಳ್ಳಲಾಗುತ್ತಿತ್ತು. ಆ ಭಾಷೆಯನ್ನು ಬಲ್ಲ ಇಬ್ಬರು ವೈದ್ಯರು ಪ್ರತ್ಯೇಕವಾಗಿ ಅದನ್ನು ಓದಿ ಐ.ಸಿ.ಡಿ. ಸಂಕೇತವನ್ನು ಕೊಡುತ್ತಿದ್ದರು. 2001ರಿಂದ 2003ರ ಅವಧಿಯ ಸುಮಾರು 1,23,000 ಸಾವುಗಳಲ್ಲಿ 562 ಸಾವುಗಳು ಹಾವಿನ ಕಡಿತದಿಂದ ಆದವೆಂದು ಹೀಗೆ ನಿರ್ಣಯವಾಯಿತು. ಇದರ ಆಧಾರದ ಮೇಲೆ 2005ರಲ್ಲಿ ದೇಶದಲ್ಲಿ ಸುಮಾರು 45,900 ಮಂದಿ ಹಾವು ಕಡಿದು ಸತ್ತಿರಬೇಕೆಂದು 2011ರಲ್ಲಿ ಅಂದಾಜು ಪ್ರಕಟವಾಯಿತು. ಆಸ್ಪತ್ರೆಗಳ ಅಧಿಕೃತ ಲೆಕ್ಕಕ್ಕಿಂತ ಇದು 30 ಪಟ್ಟಿಗೂ ಹೆಚ್ಚು. ಸತ್ತವರಲ್ಲಿ ಬಹುಪಾಲು ಜನ ಆಸ್ಪತ್ರೆಯ ಹೊರಗೇ ಪ್ರಾಣ ಬಿಟ್ಟದ್ದರಿಂದ ಆಸ್ಪತ್ರೆಯ ದತ್ತಾಂಶದಲ್ಲಿ ಅವರು ಇರಲೇ ಇಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಎಣಿಕೆಗೇ ಬಾರದಿದ್ದ ಸಾವುಗಳು ಹೀಗೆ ಕ್ರಮೇಣ ಆಡಳಿತದ ಲೆಕ್ಕದೊಳಕ್ಕೆ ಬಂದಿವೆ.

5. ಲಿಪಿ, ಹೆಸರು ಮತ್ತು ಸಮ್ಮತಿ

ಕನ್ನಡ ಲಿಪಿಯು ಗಣಕಯಂತ್ರವನ್ನು ಪ್ರವೇಶಿಸಿದ ಇತಿಹಾಸದಲ್ಲಿಯೂ ಪುಣೆಗೆ ಸ್ಥಾನವಿದೆ. ಐ.ಐ.ಟಿ. ಕಾನ್ಪುರದಲ್ಲಿ ಮೊಳೆತ ಜಿಸ್ಟ್ ತಂತ್ರಜ್ಞಾನವನ್ನು ಬೆಳೆಸಿದ್ದು ಸಿ-ಡ್ಯಾಕ್. ಭಾರತೀಯ ಲಿಪಿಗಳ ಇಸ್ಕಿ ಮಾನಕ ಅಂಗೀಕೃತವಾದದ್ದು 1991ರಲ್ಲಿ. ಯೂನಿಕೋಡಿನ ಮೊದಲ ಆವೃತ್ತಿಯೂ ಕನ್ನಡವನ್ನು ಒಳಗೊಂಡು ಅದೇ ವರ್ಷ ಹೊರಬಂದಿತು. ಹೀಗೆ ಲಿಪಿಯ ಸಮಸ್ಯೆ ಬಹುಮಟ್ಟಿಗೆ ಬಗೆಹರಿದು ಮೂರು ದಶಕಗಳು ಕಳೆದಿವೆ. ಅರ್ಥದ ಸಮಸ್ಯೆ ಉಳಿದಿದೆ.

ಹೆಸರುಗಳ ವಿಷಯವನ್ನೇ ನೋಡಿದರೆ, ಜತ್ತ ತಾಲ್ಲೂಕಿನ ಮನೆಯಲ್ಲಿ ಲಕ್ಷ್ಮವ್ವನಾದವಳು ಮರಾಠಿ ದಾಖಲೆಯಲ್ಲಿ ಗಂಡನ ಹೆಸರು, ಅಡ್ಡಹೆಸರುಗಳೊಡನೆ ಲಕ್ಷ್ಮೀಬಾಯಿಯಾಗಬಹುದು. 'ಕ್ಷ' ಎಂಬ ಅಕ್ಷರವನ್ನು ರೋಮನ್ ಲಿಪಿಯಲ್ಲಿ ಒಬ್ಬರು ಒಂದು ರೀತಿ ಬರೆದರೆ ಇನ್ನೊಬ್ಬರು ಇನ್ನೊಂದು ರೀತಿ ಬರೆಯುತ್ತಾರೆ. ಗಣಕಯಂತ್ರಕ್ಕೆ ಇವರು ಇಬ್ಬರು ರೋಗಿಗಳು. ಒಂದು ದಾಖಲೆಯಲ್ಲಿರುವ ಔಷಧದ ಅಲರ್ಜಿ ಇನ್ನೊಂದರಲ್ಲಿ ಕಾಣದೆ ಹೋಗಬಹುದು. ಏಕೈಕ ಸಂಖ್ಯೆಯ ಅಗತ್ಯವನ್ನು ಸಮರ್ಥಿಸುವ ಪ್ರಬಲ ಕಾರಣ ಇದೇ.

ಆದರೆ ದಾಖಲೆಗಳು ಸುಲಭವಾಗಿ ಕೂಡಿಕೊಂಡಷ್ಟೂ ಗೋಪ್ಯತೆಯ ಪ್ರಶ್ನೆ ತೀವ್ರವಾಗುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ 8ನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ವ್ಯಕ್ತಿಗೆ ಕೊಡಬೇಕೆಂದು ವಿಧಿಸುತ್ತದೆ. ಇದರ ನಿಯಮಗಳು ಹಂತಹಂತವಾಗಿ ಜಾರಿಗೆ ಬರುವಂತೆ 2025ರ ನವೆಂಬರಿನಲ್ಲಿ ಪ್ರಕಟವಾದವು. ಮಹಾರಾಷ್ಟ್ರದ ಆಸ್ಪತ್ರೆಯಲ್ಲಿ ದಾಖಲಾದ ಕನ್ನಡಿಗನಿಗೂ ಈ ಆಯ್ಕೆ ಸಲ್ಲುತ್ತದೆ, ಏಕೆಂದರೆ ಅನುಸೂಚಿಯು ರಾಜ್ಯದ ಗಡಿಯನ್ನು ಅನುಸರಿಸುವುದಿಲ್ಲ. ಭಾಷೆಯನ್ನು ಕೊನೆಗೆ ಸೇರಿಸುವ ಅಭ್ಯಾಸದ ಪರಿಣಾಮವನ್ನು ಕೋವಿಡ್ ಕಾಲದಲ್ಲಿ ಕಂಡಿದ್ದೇವೆ. ಲಸಿಕೆಗಾಗಿ ಕೋವಿನ್ ತಾಣದಲ್ಲಿ ಸಾರ್ವಜನಿಕರ ನೋಂದಣಿ ಪ್ರಾರಂಭವಾದದ್ದು 2021ರ ಮಾರ್ಚ್ 1ರಂದು, ಅದು ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ದೊರೆತದ್ದು ಜೂನ್ ತಿಂಗಳಲ್ಲಿ. ನಡುವೆ ಸೋಂಕಿನ ಎರಡನೆಯ ಅಲೆ ಬಂದುಹೋಗಿತ್ತು.

6. ಕನ್ನಡ ಸಂಶೋಧನೆಯ ಕರ್ತವ್ಯ

ಸ್ನೊಮೆಡ್ ಕೋಶದ ರಚನೆಯಲ್ಲಿ ಪರಿಕಲ್ಪನೆಯ ಸಂಖ್ಯೆ ಬೇರೆ, ಅದನ್ನು ಹೆಸರಿಸುವ ಪದಗಳು ಬೇರೆ. ಒಂದು ಸಂಖ್ಯೆಗೆ ಯಾವುದೇ ಭಾಷೆಯ ಎಷ್ಟು ಪದಗಳನ್ನಾದರೂ ಸೇರಿಸಬಹುದು. ಸ್ಪ್ಯಾನಿಷ್, ಸ್ವೀಡಿಷ್, ಡೇನಿಷ್ ಭಾಷೆಗಳಲ್ಲಿ ಈ ಕಾರ್ಯ ನಡೆದಿದೆ. ಆದುದರಿಂದ 'ಉಬ್ಬಸ', 'ದಮ್ಮು'ಗಳಲ್ಲಿ ಒಂದನ್ನು ಶಿಷ್ಟವೆಂದು ಉಳಿಸಿ ಇನ್ನೊಂದನ್ನು ಕೈಬಿಡುವ ಅಗತ್ಯವಿಲ್ಲ. ಎರಡನ್ನೂ, ಪ್ರದೇಶದ ಸೂಚನೆಯೊಡನೆ, ಇಟ್ಟುಕೊಳ್ಳಲು ಅವಕಾಶವಿದೆ.

ಕನ್ನಡಕ್ಕೆ ವೈದ್ಯವಾಙ್ಮಯ ಹೊಸದಲ್ಲ. ಕೀರ್ತಿವರ್ಮನ 'ಗೋವೈದ್ಯ', ವಿಷಚಿಕಿತ್ಸೆಯನ್ನು ಕುರಿತ ಮಂಗರಾಜನ 'ಖಗೇಂದ್ರಮಣಿದರ್ಪಣ'ಗಳಿಂದ ಹಿಡಿದು, ಅನುಪಮಾ ನಿರಂಜನ, ಸಿ.ಆರ್. ಚಂದ್ರಶೇಖರ್ ಮೊದಲಾದ ವೈದ್ಯಲೇಖಕರವರೆಗೆ ಅದು ಬೆಳೆದುಬಂದಿದೆ. ಆದರೆ ಈ ಸಾಹಿತ್ಯವು ಮುಖ್ಯವಾಗಿ ವೈದ್ಯನು ರೋಗಿಗೆ ಹೇಳುವ ಮಾತು. ಈಗ ಬೇಕಾದದ್ದು ರೋಗಿಯು ವೈದ್ಯನಿಗೆ ಹೇಳುವ ಮಾತಿನ ಸಂಗ್ರಹ. ಕರ್ನಾಟಕದ ಹೊರಗಿರುವ ಸಂಶೋಧಕರು ಈ ಕಾರ್ಯಕ್ಕೆ ವಿಶೇಷವಾಗಿ ಸಲ್ಲುವವರು, ಏಕೆಂದರೆ ಸೊಲ್ಲಾಪುರ, ಕಾಸರಗೋಡು, ಪುಣೆಗಳಲ್ಲಿ ಮರಾಠಿ, ಮಲಯಾಳಂಗಳೊಡನೆ ಬೆರೆತ ಕನ್ನಡವು ಕರ್ನಾಟಕದ ಶಿಷ್ಟ ನಿಘಂಟುಗಳಲ್ಲಿ ದೊರೆಯುವುದಿಲ್ಲ. ಈ ಸಂಗ್ರಹದಲ್ಲಿ ಪದದೊಡನೆ ಅದನ್ನು ಬಳಸುವ ಪ್ರದೇಶ, ಬಳಸುವ ಸಂದರ್ಭ, ಅದಕ್ಕಿರುವ ಪರ್ಯಾಯಗಳು ಮತ್ತು ವೈದ್ಯರ ನೆರವಿನಿಂದ ನಿರ್ಣಯಿಸಿದ ಸಂಕೇತಸಂಖ್ಯೆ ಇರಬೇಕು. ರೋಗಿಯನ್ನು ಗುರುತಿಸಬಹುದಾದ ಯಾವ ವಿವರವೂ ಇರಕೂಡದು. ಇದರೊಡನೆ, ರೋಗಿ ದಾಖಲೆಯಲ್ಲಿ ಸಂಕೇತದ ಪಕ್ಕದಲ್ಲಿ ರೋಗಿಯು ಆಡಿದ ಮೂಲ ಮಾತಿಗೂ ಒಂದು ಸ್ಥಳವನ್ನು ಕಾದಿರಿಸಬೇಕೆಂದು ತಂತ್ರಾಂಶ ರಚಿಸುವವರಲ್ಲಿ ಒತ್ತಾಯಿಸಬೇಕು. ತಪ್ಪು ಸಂಕೇತವನ್ನು ಮುಂದೆ ತಿದ್ದಲು ಬೇರೆ ಆಧಾರವಿರುವುದಿಲ್ಲ.

2022ರಲ್ಲಿ ಪ್ರಾರಂಭವಾದ ಭಾಷಿಣಿಯಂತಹ ಯೋಜನೆಗಳು ಯಂತ್ರಾನುವಾದವನ್ನು ಕನ್ನಡಕ್ಕೂ ತಂದಿವೆ. ಹಿಂಜವಾಡಿಯಂತಹ ಕೇಂದ್ರಗಳಲ್ಲಿ ತಂತ್ರಾಂಶ ರಚಿಸುವ ಸಾಮರ್ಥ್ಯಕ್ಕೂ ಕೊರತೆಯಿಲ್ಲ. ಆದರೆ 'ಹುಳ ಮುಟ್ಟಿತು' ಎಂಬುದರ ಅರ್ಥವನ್ನು ಯಂತ್ರಕ್ಕೆ ಯಾರಾದರೂ ಕಲಿಸಿದ್ದರೆ ಮಾತ್ರ ಅದು ತಿಳಿಯುತ್ತದೆ. ಕಲಿಸಬಲ್ಲವರು ಆ ಮಾತನ್ನು ಆಡುವ ಜನ ಮತ್ತು ಅವರ ಭಾಷೆಯನ್ನು ಅಭ್ಯಾಸ ಮಾಡಿದವರು. ನಮ್ಮ ಕನ್ನಡ ಅಧ್ಯಯನಪೀಠಗಳು ಈ ಹೊಣೆಯನ್ನು ವಹಿಸಿಕೊಳ್ಳಬೇಕಾಗಿದೆ.