ಪದದ ಅರ್ಥ: ‘ಸಾರ್ಸ್’ ಅಂದ್ರೇನು?

ಇವತ್ತಿನ ಪದ ‘ಸಾರ್ಸ್’. ಪೂರ್ತಿ ಹೆಸರು ಸಿವಿಯರ್ ಅಕ್ಯೂಟ್ ರೆಸ್ಪಿರೇಟರಿ ಸಿಂಡ್ರೋಮ್. ಸಿವಿಯರ್, ಅಕ್ಯೂಟ್ ಎರಡಕ್ಕೂ ಕನ್ನಡದಲ್ಲಿ ‘ತೀವ್ರ’ ಅಂದುಬಿಡ್ತೀವಿ. ನಾನೂ ಹಾಗೇ ಬರೆದಿದ್ದೇನೆ. ಆದರೆ ಸಿವಿಯರ್ ಅಂದ್ರೆ ಕಾಯಿಲೆ ಜೋರಾಗಿದೆ ಅಂತ. ಅಕ್ಯೂಟ್ ಅಂದ್ರೆ ದಿಢೀರನೆ ಶುರುವಾಗಿದ್ದು ಅಂತ. ರೆಸ್ಪಿರೇಟರಿ ಉಸಿರಾಟಕ್ಕೆ ಸಂಬಂಧಿಸಿದ್ದು. ಸಿಂಡ್ರೋಮ್ ಅಂದ್ರೆ ಒಟ್ಟಿಗೆ ಕಾಣಿಸಿಕೊಳ್ಳುವ ಲಕ್ಷಣಗಳ ಗುಂಪು.

2003ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಹೆಸರು ಕೊಟ್ಟಾಗ ಕಾಯಿಲೆಗೆ ಕಾರಣ ಯಾವುದೆಂದು ಖಚಿತವಾಗಿರಲಿಲ್ಲ. ಹಾಗಾಗಿ ಲಕ್ಷಣಗಳೇ ಹೆಸರಾದವು. ಕೊರೊನಾ ವೈರಸ್ಸೇ ಕಾರಣ ಅಂತ ಸಂಸ್ಥೆ ಘೋಷಿಸಿದ್ದು ಏಪ್ರಿಲ್‌ನಲ್ಲಿ. ಅಷ್ಟರಲ್ಲಿ, ಹನೋಯ್‌ನಿಂದ ಮೊದಲೇ ಎಚ್ಚರಿಸಿದ್ದ ವೈದ್ಯ ಕಾರ್ಲೊ ಅರ್ಬಾನಿ ಇದೇ ಕಾಯಿಲೆಗೆ ಬಲಿಯಾಗಿದ್ದರು.

ಕೋವಿಡ್ ತರುವ ವೈರಸ್ ಇದರ ಹತ್ತಿರದ ಸಂಬಂಧಿ. ಅದಕ್ಕೇ ಅದರ ಹೆಸರು ಸಾರ್ಸ್-ಕೋವ್-2.