ಮೇಜಿನ ಬೀಗದ ಗುಟ್ಟು



ಕೆಲವು ವರುಷಗಳ ಹಿಂದೆ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮೇಜಿನ ಡ್ರಾಯರಿನಲ್ಲಿಟ್ಟು, ಅದರ ಬೀಗದ ಕೈಯನ್ನು ಕಳೆದುಕೊಂಡೆನು. ಮರುದಿನವೇ ಅಂಕಗಳನ್ನು ಒಪ್ಪಿಸಬೇಕಾಗಿದ್ದಿತು. ಬೀಗ ರಿಪೇರಿಯ ಮುದುಕನೊಬ್ಬನನ್ನು ಕರೆತಂದೆನು. ಆತನು ಮೊನೆ ಬಗ್ಗಿಸಿದ ತಂತಿಯೊಂದನ್ನೂ ಚಪ್ಪಟೆಯಾದ ಉಕ್ಕಿನ ಕಡ್ಡಿಯೊಂದನ್ನೂ ಹೊರತೆಗೆದನು. ಆತನಿಗೆಂದು ನಾನು ಕುರ್ಚಿಯನ್ನು ತರುವಷ್ಟರಲ್ಲಿ ಡ್ರಾಯರು ತೆರೆದಿದ್ದಿತು. ಸಂತೋಷವಾಗಬೇಕಾಗಿದ್ದಿತು, ಆದುದು ಗಾಬರಿ. ಅಷ್ಟು ಮಂದಿ ಹುಡುಗರ ಒಂದು ವರುಷದ ದುಡಿಮೆಯನ್ನು ಇಂತಹ ಬೀಗವನ್ನು ನಂಬಿ ಇಟ್ಟಿದ್ದೆನೆ?

ಇದಕ್ಕೆ ವೇಫರ್ ಬೀಗವೆಂದು ಹೆಸರು. ವೇಫರೆಂದರೆ ಇಲ್ಲಿ ತೆಳ್ಳನೆಯ ಬಿಲ್ಲೆ. ಅಮೆರಿಕದಲ್ಲಿ 1868ರಲ್ಲಿಯೇ ಇದಕ್ಕೆ ಪೇಟೆಂಟು ದೊರೆತಿದ್ದಿತು. ಒಳಗಡೆ ಒಂದು ಲೋಹದ ಉರುಳೆ. ಅದರ ಸುತ್ತ ಅಲುಗದ ಕವಚ. ಉರುಳೆಗೆ ಅಡ್ಡಲಾಗಿ ಸೀಳುಗಳನ್ನು ಕೊರೆದು, ಒಂದೊಂದರಲ್ಲಿ ಒಂದೊಂದು ಬಿಲ್ಲೆಯನ್ನು ಕೂರಿಸುತ್ತಾರೆ. ಸಾಮಾನ್ಯವಾಗಿ ನಾಲ್ಕೋ ಐದೋ. ಪ್ರತಿ ಬಿಲ್ಲೆಯ ನಡುವೆಯೂ ಒಂದು ಕಿಂಡಿಯುಂಟು. ಆದರೆ ಎಲ್ಲ ಕಿಂಡಿಗಳೂ ಒಂದೇ ಎತ್ತರದಲ್ಲಿರುವುದಿಲ್ಲ. ಮಗ್ಗುಲಲ್ಲಿರುವ ಪುಟ್ಟ ಸ್ಪ್ರಿಂಗು ಒತ್ತುವುದರಿಂದ ಬಿಲ್ಲೆಯ ತುದಿ ಹೊರಚಾಚಿ ಕವಚದ ತೋಡಿನಲ್ಲಿ ಸಿಕ್ಕಿಕೊಳ್ಳುತ್ತದೆ, ಉರುಳೆ ತಿರುಗದು. ಬೀಗದ ಕೈ ಕಿಂಡಿಗಳೊಳಗೆ ಹಾಯ್ದಾಗ ಅದರ ಹಲ್ಲುಗಳು ಒಂದೊಂದು ಬಿಲ್ಲೆಯನ್ನೂ ತಕ್ಕಷ್ಟು ಸರಿಸುತ್ತವೆ. ತುದಿಗಳೆಲ್ಲ ಉರುಳೆಯ ಮೈಗೆ ಸಮನಾದೊಡನೆ ಅದು ತಿರುಗುತ್ತದೆ. ಹೆಚ್ಚಾಗಿ ಸರಿದರೆ ಬಿಲ್ಲೆಯ ಇನ್ನೊಂದು ತುದಿ ಎದುರು ತೋಡಿನಲ್ಲಿ ಸಿಕ್ಕಿಬೀಳುತ್ತದೆ.

ಹಾಗಾದರೆ ಮುದುಕನು ಮಾಡಿದುದೇನು? ಉರುಳೆ ತಿರುಗಲೆಂಬಂತೆ ಕಡ್ಡಿಯಿಂದ ಮೆಲ್ಲನೆ ಒತ್ತಿ ಹಿಡಿದನು. ಸೀಳುಗಳನ್ನು ಎಷ್ಟು ಎಚ್ಚರದಿಂದ ಕೊರೆದರೂ ಕೂದಲೆಳೆಯಷ್ಟು ಓರೆ ಉಳಿಯುತ್ತದೆ. ಆದುದರಿಂದ ಒತ್ತಡವು ಮೊದಲು ಯಾವುದೋ ಒಂದು ಬಿಲ್ಲೆಯ ಮೇಲೆ ಬೀಳುತ್ತದೆ. ಬಿಗಿದಿರುವ ಆ ಬಿಲ್ಲೆಯನ್ನು ತಂತಿಯ ಮೊನೆಯಿಂದ ತಡವಿ ಸರಿಸಿದರೆ, ಉರುಳೆ ಎಳ್ಳಷ್ಟು ಹೊರಳಿ ಅದನ್ನು ಅಲ್ಲಿಯೇ ತಡೆಯುತ್ತದೆ. ಬಿಗಿತವು ಮತ್ತೊಂದಕ್ಕೆ ಹೋಗುತ್ತದೆ. ಬಲ ಹಾಕಿದವನಿಗೆ ಈ ವ್ಯತ್ಯಾಸ ತಿಳಿಯದು. ಎಲ್ಲವೂ ಬಿಗಿಯಾಗಿಯೇ ತೋರುತ್ತದೆ. ತಂತಿಯನ್ನು ಒಳಕ್ಕೂ ಹೊರಕ್ಕೂ ಆಡಿಸಿ, ಬಿಲ್ಲೆಗಳು ಕುಣಿಯುತ್ತ ತಾವಾಗಿಯೇ ನೆಲೆಗೆ ಬರುವಂತೆ ಮಾಡುವುದೂ ಉಂಟು. ಎತ್ತರದ ಭೇದಗಳು ಕೆಲವೇ ಆದುದರಿಂದ ಪಕ್ಕದ ಮೇಜಿನ ಬೀಗದ ಕೈಯೇ ಸಾಕಾಗುವುದೂ ಉಂಟು. ಕಚೇರಿಯವರಿಗೆ ಇದನ್ನು ಹೇಳಬೇಕಾಗಿಲ್ಲ.

ಇದನ್ನೆಲ್ಲ ಆಕಾಶವಾಣಿಯಲ್ಲಿ ಸಾರಬಹುದೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. 1851ರಲ್ಲಿ ಲಂಡನ್ನಿನಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಆ ವರುಷದ ಮಹಾಪ್ರದರ್ಶನಕ್ಕೆ ಬಂದಿದ್ದ ಹಾಬ್ಸ್ ಎಂಬ ಅಮೆರಿಕದವನು ಹೆಸರಾಂತ ಚಬ್ ಬೀಗವನ್ನು 25 ನಿಮಿಷಗಳಲ್ಲಿ ತೆರೆದನು. ಬಳಿಕ, 1790ರಿಂದ ಯಾರಿಗೂ ಮಣಿಯದೆ 200 ಗಿನಿಗಳ ಪಂಥದೊಡನೆ ಅಂಗಡಿಯ ಕಿಟಕಿಯಲ್ಲಿದ್ದ ಬ್ರಾಮಾ ಬೀಗಕ್ಕೆ ಕೈಹಾಕಿದನು. ಅದಕ್ಕೆ 16 ದಿನಗಳಲ್ಲಿ ಒಟ್ಟು 51 ಗಂಟೆಗಳು ಹಿಡಿದವು. ಕಳ್ಳರಿಗೆ ಮೊದಲೇ ತಿಳಿದಿರುವುದನ್ನು ಗೃಹಸ್ಥರಿಂದ ಮರೆಮಾಚಿ ಫಲವಿಲ್ಲವೆಂಬ ಪಕ್ಷ ಹಾಬ್ಸನದು. ನನಗೂ ಅದೇ ಸರಿತೋರುತ್ತದೆ.

ವಿಚಿತ್ರವೇನೆಂದರೆ, ಬ್ರಾಮಾ ಬೀಗದ ತತ್ತ್ವವೂ ನನ್ನ ಮೇಜಿನ ಬೀಗದ ತತ್ತ್ವಕ್ಕೆ ದೂರವಾದುದಲ್ಲ. ಅಲ್ಲಿಯೂ ಬಿಡಿಬಿಡಿ ತಗಡುಗಳು ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ಸರಿಯಬೇಕು. ಆದರೆ ಆ ಪಂಥದ ಬೀಗದಲ್ಲಿ ತಗಡುಗಳು 18. ಅವುಗಳ ಅಳತೆಯೂ ಬಹು ಸೂಕ್ಷ್ಮ. ನನ್ನದರಲ್ಲಿ ಬಿಲ್ಲೆಗಳು ನಾಲ್ಕು, ಅವೂ ಸಡಿಲ. ಅಗ್ಗವಾಗಿ ಬೇಗನೆ ತಯಾರಾಗಲೆಂದೇ ಮಾಡಿದ ಬೀಗವದು. ಮಕ್ಕಳ ಕೈಯನ್ನೂ ಕುತೂಹಲಿಯ ಕಣ್ಣನ್ನೂ ತಡೆಯಬಲ್ಲುದು, ಅಷ್ಟೆ.

ಉತ್ತರಪತ್ರಿಕೆಗಳು ಈಗ ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಡ್ರಾಯರಿಗೆ ಇಂದಿಗೂ ಬೀಗ ಹಾಕುತ್ತೇನೆ, ಒಳಗಿರುವುದು ಸೀಮೆಸುಣ್ಣ.