ಮರೆವು, ಮನಸ್ಸು ಮತ್ತು ಮದ್ದಿನ ಸೊಪ್ಪು

ಸ್ಮರಣಶಕ್ತಿಯ ಮಾತು ಬಂದಾಗ ನಮ್ಮ ಕಾಸರಗೋಡು ಸೀಮೆಯಲ್ಲಿ ಮೊದಲು ನೆನಪಾಗುವುದು ಒಂದೆಲಗ. ತುಳುವಿನಲ್ಲಿ ಇದನ್ನೇ ತಿಮರೆ ಎನ್ನುತ್ತಾರೆ. ಗದ್ದೆಯ ಬದುವಿನಿಂದ ಕಿತ್ತು ತಂದು, ಚಟ್ನಿಯನ್ನೋ ತಂಬುಳಿಯನ್ನೋ ಮಾಡಿ ಪರೀಕ್ಷೆಯ ದಿನಗಳಲ್ಲಿ ಮಕ್ಕಳಿಗೆ ಬಡಿಸುವ ರೂಢಿ ಇಂದಿಗೂ ಉಂಟು. ಮೂರು ದಶಕಕ್ಕೂ ಮಿಕ್ಕಿ ಪಾಠ ಹೇಳಿದ ನನಗೂ ಈ ಸೊಪ್ಪಿನ ಮೇಲೆ ಗೌರವವಿದೆ. ನಾನು ವೈದ್ಯನಲ್ಲ. ಆದರೂ ಮರೆವೆಲ್ಲವೂ ಒಂದೇ ಬಗೆಯದಲ್ಲ ಎಂಬ ಮಾತನ್ನು ನಮ್ಮ ಹಳೆ ವಿದ್ಯಾರ್ಥಿಗಳ ಮುಂದಿಡಬೇಕೆನಿಸಿದೆ.

ಚೆನ್ನಾಗಿ ಓದುತ್ತಿದ್ದ ಮಗು ಒಮ್ಮೆಲೇ ಮಂಕಾಗಿ, ಕಲಿತ ಪದ್ಯವನ್ನೂ ಮರೆತು ನಿಲ್ಲುವುದನ್ನು ಅಧ್ಯಾಪಕರಾದವರೆಲ್ಲ ಕಂಡಿರುತ್ತಾರೆ. ಮನೆಯವರು ಬುದ್ಧಿ ಕಡಿಮೆಯಾಯಿತೆಂದು ತಿಳಿದು ಬ್ರಾಹ್ಮೀ ಘೃತವನ್ನು ತರುತ್ತಾರೆ. ಆದರೆ ಕೊರತೆಯಿರುವುದು ಬುದ್ಧಿಯಲ್ಲಿ ಅಲ್ಲದಿರಬಹುದು. ಖಿನ್ನತೆ ಆವರಿಸಿದ ಮನಸ್ಸಿಗೆ ಗಮನವಿಡುವ ಶಕ್ತಿ ಕುಂದುತ್ತದೆ. ನಿದ್ರೆ ಕೆಡುತ್ತದೆ, ಆಲೋಚನೆ ನಿಧಾನವಾಗುತ್ತದೆ. ಗಮನವಿಟ್ಟು ಕೇಳದ ಪಾಠ ನೆನಪಿನಲ್ಲಿ ನೆಲೆಯೂರುವುದೆಂತು? ಮಕ್ಕಳು ದೂರದೇಶ ಸೇರಿದ ಬಳಿಕ ಊರಲ್ಲಿ ಒಂಟಿಯಾಗಿ ಉಳಿದ ವೃದ್ಧರ ಮರೆವನ್ನೂ ನಾವು ವಯಸ್ಸಿನ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಖಿನ್ನತೆಗೆ ತಕ್ಕ ಚಿಕಿತ್ಸೆ ದೊರೆತರೆ ಇಂತಹ ಮರೆವು ಬಹುಮಟ್ಟಿಗೆ ತಿಳಿಯಾಗುತ್ತದೆ.

ಹಾಗಾದರೆ ಗಿಡಮೂಲಿಕೆಗಳಿಂದ ಪ್ರಯೋಜನವಿಲ್ಲವೇ? ಉಂಟು, ಆದರೆ ಅದಕ್ಕೊಂದು ಮಿತಿಯೂ ಉಂಟು. ಚರಕಸಂಹಿತೆಯು ಮೇಧ್ಯ ರಸಾಯನಗಳೆಂದು ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ ಎಂಬ ನಾಲ್ಕನ್ನು ಹೆಸರಿಸಿದೆ. ಮಂಡೂಕಪರ್ಣಿಯೆಂದರೆ ನಮ್ಮ ಒಂದೆಲಗವೇ. ಕೇರಳದ ವೈದ್ಯರು ಬ್ರಾಹ್ಮಿ ಎನ್ನುವುದು ಬೇರೊಂದು ಗಿಡವನ್ನು, ಅಂದರೆ ನೀರಿನ ಪಸೆಯಲ್ಲಿ ಬೆಳೆಯುವ, ಚಿಕ್ಕ ದಪ್ಪ ಎಲೆಗಳ ನೀರುಬ್ರಾಹ್ಮಿಯನ್ನು. ಆಸ್ಟ್ರೇಲಿಯದಲ್ಲಿ ಆರೋಗ್ಯವಂತ ವಯಸ್ಕರಿಗೆ ಈ ನೀರುಬ್ರಾಹ್ಮಿಯ ಸಾರವನ್ನು ಸುಮಾರು ಮೂರು ತಿಂಗಳು ಕೊಟ್ಟು ನೋಡಿದ ಎರಡು ಅಧ್ಯಯನಗಳು 2001 ಮತ್ತು 2002ರಲ್ಲಿ ಪ್ರಕಟವಾದವು. ಹೊಸದಾಗಿ ಕಲಿತದ್ದನ್ನು ಉಳಿಸಿಕೊಳ್ಳುವ ಶಕ್ತಿಯಲ್ಲಿ ಕೊಂಚ ಸುಧಾರಣೆ ಅವುಗಳಲ್ಲಿ ಕಂಡುಬಂತು. ಪರೀಕ್ಷೆಗೆ ಒಂದು ವಾರವಿರುವಾಗ ತಿಂದರೆ ಫಲವಿಲ್ಲವೆಂಬುದು ಇದರಿಂದಲೇ ಊಹಿಸಬಹುದು. ಅಲ್ಲಿ ಪರೀಕ್ಷಿಸಿದ್ದು ಆರೋಗ್ಯವಂತರ ನೆನಪನ್ನೇ ಹೊರತು ಖಿನ್ನರ ದುಃಖವನ್ನಲ್ಲ.

ಸೊಪ್ಪುಬೇರುಗಳಿಂದ ಕೆಡುಕಾಗದು ಎಂಬ ನಂಬಿಕೆಯೂ ಸರಿಯಲ್ಲ. ಉನ್ಮಾದಕ್ಕೆ ನಮ್ಮ ವೈದ್ಯರು ಬಳಸುತ್ತಿದ್ದ ಸರ್ಪಗಂಧದ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ರಕ್ತದೊತ್ತಡಕ್ಕೆ ಅದನ್ನು ಸೇವಿಸಿದ ಕೆಲವರಲ್ಲಿ ಖಿನ್ನತೆ ಕಾಣಿಸಿಕೊಂಡಿತೆಂದು ಆ ದಶಕದಲ್ಲೇ ವೈದ್ಯರು ವರದಿ ಮಾಡಿದರು. ಕೆರಳಿದ ಮನಸ್ಸನ್ನು ತಣಿಸುವ ಬೇರು, ಕುಗ್ಗಿದ ಮನಸ್ಸಿಗೆ ಹಿತವಾಗಬೇಕೆಂದಿಲ್ಲ.

ಖಿನ್ನತೆಗೇ ಹೆಸರಾದ ಮೂಲಿಕೆ ಯೂರೋಪಿನ ಹಳದಿ ಹೂವಿನ ಗಿಡ, ಸೇಂಟ್ ಜಾನ್ಸ್ ವರ್ಟ್. 29 ಪ್ರಯೋಗಗಳ ಸುಮಾರು 5,500 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2008ರಲ್ಲಿ ನಡೆದ ವಿಮರ್ಶೆಯೊಂದು, ಇದು ಖಿನ್ನತೆಯ ರೂಢಿಯ ಮಾತ್ರೆಗಳಷ್ಟೇ ಗುಣಕಾರಿಯೆಂದು ಕಂಡಿತು. ಆದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಗರ್ಭನಿರೋಧಕ ಗುಳಿಗೆ ಮುಂತಾದವುಗಳ ಬಲವನ್ನು ಇದು ಕುಗ್ಗಿಸುತ್ತದೆ. ಖಿನ್ನತೆಯ ಇತರ ಮಾತ್ರೆಗಳೊಡನೆ ಸೇರಿದರೆ ಪ್ರಾಣಾಪಾಯವೂ ಆಗಬಹುದು. ವಿದೇಶದಲ್ಲಿರುವ ನಮ್ಮವರು ಊರಿಗೆ ಬರುವಾಗ ಹೆತ್ತವರಿಗಾಗಿ ಇಂತಹ ಸೀಸೆಗಳನ್ನು ತರುವುದಿದ್ದರೆ, ಮೊದಲು ವೈದ್ಯರಿಗೆ ತೋರಿಸಲಿ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಿಲ್ಲಿಸಿ ಸೊಪ್ಪಿನ ಮದ್ದಿಗೆ ತಿರುಗುವುದಂತೂ ಸಲ್ಲದು.

ಒಂದೆಲಗದ ತಂಬುಳಿ ಊಟದೆಲೆಯಲ್ಲಿ ಇರಲಿ. ಅದು ನಮ್ಮ ಹಿರಿಯರ ಒಳ್ಳೆಯ ರೂಢಿ. ಆದರೆ ಎರಡು ವಾರಕ್ಕೂ ಮಿಕ್ಕಿ ಮನೆಯವರಲ್ಲೊಬ್ಬರು ಊಟ ನಿದ್ರೆ ಬಿಟ್ಟು, ಮಾತು ಕಡಿಮೆ ಮಾಡಿ, ಯಾವುದರಲ್ಲೂ ಆಸಕ್ತಿಯಿಲ್ಲದೆ ಕುಳಿತರೆ, ಬದುಕು ಸಾಕೆಂಬ ಮಾತು ಒಮ್ಮೆ ಅವರ ಬಾಯಿಂದ ಬಂದರೂ ಸರಿ, ಕಾಯಬೇಡಿ. ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಅದಕ್ಕೆ ಶುಲ್ಕವಿಲ್ಲ. ಮನಸ್ಸಿನ ನೋವಿಗೆ ಮದ್ದು ಕೇಳುವುದು ನಾಚಿಕೆಯ ಸಂಗತಿಯಲ್ಲವೆಂಬ ಪಾಠವನ್ನು ಮಕ್ಕಳೂ ಹಿರಿಯರೂ ಒಟ್ಟಾಗಿ ಕಲಿಯಬೇಕಾಗಿದೆ.